ಸಮುದ್ರದ ನೀಲಿಗೆ ಲೆಕ್ಕ ಕೇಳಿದ ಅಕೌಂಟ್ಸ್ ಅಧಿಕಾರಿ: ಸರ್ ಸಿ.ವಿ. ರಾಮನ್

ಪ್ರತಿವರ್ಷ ಫೆಬ್ರವರಿ 28 ಬಂತೆಂದರೆ ಶಾಲೆ ಕಾಲೇಜುಗಳಲ್ಲಿ ರಾಷ್ಟ್ರೀಯ ವಿಜ್ಞಾನ ದಿನಾಚರಣೆ ನಡೆಯುತ್ತದೆ. ಸರ್ ಸಿ.ವಿ. ರಾಮನ್ ಅವರ ಭಾವಚಿತ್ರಕ್ಕೆ ಹಾರ ಹಾಕಿ, ಮಕ್ಕಳಿಂದ ಭಾಷಣ ಮಾಡಿಸಿ, ನೊಬೆಲ್ ಪ್ರಶಸ್ತಿಯ ಇಸವಿಯನ್ನು ಬಾಯಿಪಾಠ ಮಾಡಿಸಲಾಗುತ್ತದೆ. ಇದು ತಪ್ಪಲ್ಲ. ಆದರೆ ಆ ನೊಬೆಲ್ ಪ್ರಶಸ್ತಿಯ ಬೀಜ ಬಿದ್ದದ್ದು ಯಾವುದೇ ಪ್ರಯೋಗಾಲಯದಲ್ಲಲ್ಲ, ಹಡಗಿನ ಅಟ್ಟದ ಮೇಲೆ ನಿಂತು ಸಮುದ್ರ ನೋಡುತ್ತಿದ್ದಾಗ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಆ ಕುರಿತ ಅವರ ಮೊದಲ ಟಿಪ್ಪಣಿಗೆ ವಿಳಾಸವಾಗಿದ್ದುದು ಮುಂಬಯಿ ಬಂದರು, ತಾರೀಖು 1921ರ ಸೆಪ್ಟೆಂಬರ್ 26. ಈ ಪತ್ರಿಕೆಯ ಓದುಗ ಬಾಂಧವರಿಗೆ ಇದು ಹೆಮ್ಮೆಯ ಸಂಗತಿಯೇ ಸರಿ.

ನಾಗಪುರದ ಸಮೀಪದ ಉಮರೇಡ್‌ನಲ್ಲಿ ಕುಳಿತು ಸಮುದ್ರದ ವಿಷಯ ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಇಲ್ಲಿರುವುದು ತೆರೆದ ಕಲ್ಲಿದ್ದಲು ಗಣಿ, ಪಕ್ಕದ ಭಿವಾಪುರದ ಹೆಸರಾಂತ ಮೆಣಸಿನಕಾಯಿ, ಹತ್ತಿ, ಸೋಯಾಬೀನು, ಒಂದಿಷ್ಟು ಭತ್ತ. ಯಾವ ದಿಕ್ಕಿಗೆ ಹೋದರೂ ಸಮುದ್ರ ನೂರಾರು ಕಿಲೋಮೀಟರ್ ದೂರ. ಇತ್ತೀಚೆಗೆ ನಮ್ಮ ಕನ್ನಡ ಬಳಗದ ಸದಸ್ಯರೊಬ್ಬರ ಮಗಳು ಬಿ.ಎಸ್ಸಿ. ಮುಗಿಸಿ, ಮುಂದೆ ಸಾಗರಶಾಸ್ತ್ರ ಮತ್ತು ಸಾಗರ ಹವಾಮಾನಶಾಸ್ತ್ರ ಓದುತ್ತೇನೆಂದು ಹೇಳಿದಾಗ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬ್ಯಾಂಕ್ ಪರೀಕ್ಷೆ ಕಟ್ಟಮ್ಮ, ಇಲ್ಲವಾದರೆ ಬಿ.ಎಡ್. ಮಾಡು ಎಂಬ ಸಲಹೆಗಳು ಬಂದವು. ಕಡಲು ಕಾಣದ ಊರಿನ ಹುಡುಗಿಗೆ ಕಡಲಿನ ವಿದ್ಯೆ ಏಕೆ ಎಂಬುದು ಎಲ್ಲರ ಪ್ರಶ್ನೆಯಾಗಿತ್ತು. ಮಕ್ಕಳ ಮೇಲಿನ ಕಾಳಜಿಯಿಂದ ಹುಟ್ಟಿದ ಪ್ರಶ್ನೆ ಅದು, ತಳ್ಳಿಹಾಕುವಂಥದ್ದಲ್ಲ. ಆದರೆ ನಮ್ಮ ವಿದರ್ಭಕ್ಕೆ ಮಳೆಗಾಲದ ನಡುವೆ ಬರುವ ಒಳ್ಳೆಯ ಮಳೆಯ ಬಹುಪಾಲು ಬಂಗಾಳ ಕೊಲ್ಲಿಯಲ್ಲಿ ಹುಟ್ಟಿ, ಒಡಿಶಾ ಮತ್ತು ಛತ್ತೀಸಗಢ ದಾಟಿ ಪಶ್ಚಿಮಕ್ಕೆ ಸರಿಯುವ ವಾಯುಭಾರ ಕುಸಿತಗಳಿಂದ ಬರುವುದು. ಕೊಲ್ಲಿ ತಣ್ಣಗೆ ಕುಳಿತರೆ ಉಮರೇಡ್ ರೈತನ ಸಾಲದ ಕಂತು ನಿಲ್ಲುತ್ತದೆ. ಕೌಂಟರ್‌ನ ಈಚೆ ಕುಳಿತ ನನಗೆ ಅದು ಪ್ರತಿವರ್ಷ ಕಾಣುವ ಲೆಕ್ಕ.

ಆ ಚರ್ಚೆಯೇ ರಾಮನ್ ಅವರ ಜೀವನವನ್ನು ಮತ್ತೊಮ್ಮೆ ಓದಲು ಕಾರಣವಾಯಿತು. ಅವರು ಸಾಗರಶಾಸ್ತ್ರವನ್ನು ಯಾವ ಕಾಲೇಜಿನಲ್ಲೂ ಕಲಿತವರಲ್ಲ. ಅವರು ಓದುತ್ತಿದ್ದ ಕಾಲಕ್ಕೆ ನಮ್ಮ ಕಾಲೇಜುಗಳಲ್ಲಿ ಆ ಹೆಸರಿನ ವಿಷಯವೇ ಇರಲಿಲ್ಲ. ಇಂಗ್ಲೆಂಡಿನ ಚಾಲೆಂಜರ್ ಎಂಬ ಹಡಗು 1872ರಿಂದ 1876ರವರೆಗೆ ಲೋಕದ ಸಮುದ್ರಗಳನ್ನೆಲ್ಲ ಸುತ್ತಿ, ಆಳ ಅಳೆದು, ನೀರು ಮತ್ತು ಕೆಸರು ಎತ್ತಿ ತಂದ ಮೇಲೆ ತಾನೇ ಈ ಶಾಸ್ತ್ರಕ್ಕೆ ಒಂದು ರೂಪ ಬಂದದ್ದು!

ಚಂದ್ರಶೇಖರ ವೆಂಕಟರಾಮನ್ ಜನಿಸಿದ್ದು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಅವರು ಗಣಿತ ಮತ್ತು ಭೌತಶಾಸ್ತ್ರದ ಉಪನ್ಯಾಸಕರು. ತಂದೆಗೆ ವಿಶಾಖಪಟ್ಟಣದ ಎ.ವಿ.ಎನ್. ಕಾಲೇಜಿನಲ್ಲಿ ಕೆಲಸ ಸಿಕ್ಕಿದ್ದರಿಂದ ಮಗು ನಾಲ್ಕು ವರ್ಷದವನಿದ್ದಾಗಲೇ ಸಂಸಾರ ಸಮುದ್ರತೀರದ ಆ ಊರಿಗೆ ಬಂತು. ಹೀಗಾಗಿ ಅವರ ಬಾಲ್ಯ ಕಳೆದದ್ದು ಬಂಗಾಳ ಕೊಲ್ಲಿಯ ದಂಡೆಯ ಮೇಲೆ. ಹನ್ನೊಂದನೆಯ ವಯಸ್ಸಿಗೇ ಮೆಟ್ರಿಕ್ಯುಲೇಷನ್ ಮುಗಿಸಿದ ಹುಡುಗ ಮುಂದೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿ 1904ರಲ್ಲಿ ಬಿ.ಎ. ಪದವಿಯನ್ನು ಪ್ರಥಮ ಸ್ಥಾನ ಮತ್ತು ಚಿನ್ನದ ಪದಕದೊಂದಿಗೆ, 1907ರಲ್ಲಿ ಎಂ.ಎ. ಪದವಿಯನ್ನು ಪಡೆದರು. ಎಂ.ಎ. ಮುಗಿಯುವ ಮೊದಲೇ, ಹದಿನೆಂಟು ತುಂಬುವ ಹೊತ್ತಿಗೆ, 1906ರ ನವೆಂಬರ್‌ನಲ್ಲಿ ಅವರ ಮೊದಲ ಪ್ರಬಂಧ ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜೀನ್‌ನಲ್ಲಿ ಅಚ್ಚಾಗಿತ್ತು.

ಇಷ್ಟು ಜಾಣ ಹುಡುಗ ಇಂಗ್ಲೆಂಡಿಗೆ ಹೋಗಿ ಮುಂದೆ ಓದಬೇಕೆಂಬುದು ಅಧ್ಯಾಪಕರ ಆಸೆ. ಆದರೆ ಮದರಾಸಿನ ಸಿವಿಲ್ ಸರ್ಜನ್ ತಪಾಸಣೆ ಮಾಡಿ, ಈ ಸಣಕಲು ದೇಹಕ್ಕೆ ಆ ದೇಶದ ಚಳಿ ಆಗಿಬರುವುದಿಲ್ಲವೆಂದು ಅಡ್ಡಿ ಹೇಳಿದರು. ಹಡಗು ಹತ್ತುವ ಅವಕಾಶ ತಪ್ಪಿತು. ವಿಜ್ಞಾನವನ್ನೇ ನಂಬಿ ಹೊಟ್ಟೆ ಹೊರೆಯುವ ನೌಕರಿ ಆಗ ಭಾರತೀಯರಿಗೆ ಸಿಗುವುದು ದುರ್ಲಭ. ಆದ್ದರಿಂದ ಅವರು ಮನೆಯವರಿಗೆ ಒಪ್ಪುವ ದಾರಿ ಹಿಡಿದರು. 1907ರಲ್ಲಿ ಹಣಕಾಸು ಇಲಾಖೆಯ ಪರೀಕ್ಷೆ ಬರೆದು ಮೊದಲಿಗರಾಗಿ ತೇರ್ಗಡೆಯಾದರು. ಅದೇ ವರ್ಷ ಲೋಕಸುಂದರಿ ಅವರೊಂದಿಗೆ ವಿವಾಹ. ಹೊಸ ದಂಪತಿಗಳು ಕಲ್ಕತ್ತೆಗೆ ಹೊರಟರು. ರಾಮನ್ ಅವರು ಅಲ್ಲಿ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್. ವಯಸ್ಸು ಹದಿನೆಂಟು.

ಇಲ್ಲಿಂದ ಮುಂದಿನ ಹತ್ತು ವರ್ಷಗಳ ಕಥೆಯನ್ನು ಪಠ್ಯಪುಸ್ತಕಗಳು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ. ಹಗಲು ಕೌಂಟರ್, ಸಂಜೆ ಕಾಲೇಜು ಎಂದು ಬಿ.ಕಾಂ. ಮುಗಿಸಿದ ನನ್ನಂಥವರಿಗೆ ಮಾತ್ರ ಇದೇ ಅತ್ಯಂತ ರೋಚಕ ಭಾಗ. ಕಚೇರಿಗೆ ಟ್ರಾಮ್‌ನಲ್ಲಿ ಓಡಾಡುತ್ತಿದ್ದ ರಾಮನ್ ಅವರ ಕಣ್ಣಿಗೆ ಬೌಬಜಾರ್ ಬೀದಿಯ 210ನೇ ನಂಬರಿನ ಕಟ್ಟಡದ ಮೇಲಿದ್ದ ಬೋರ್ಡೊಂದು ಬಿತ್ತು. ಅದು ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್ ಎಂಬ ಸಂಸ್ಥೆ. ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ ಎಂಬ ಪುಣ್ಯಾತ್ಮರು 1876ರಲ್ಲಿ ದಾನಿಗಳಿಂದ ಹಣ ಕೂಡಿಸಿ ಅದನ್ನು ಕಟ್ಟಿದ್ದರು. ಭಾರತೀಯರೇ ವಿಜ್ಞಾನದಲ್ಲಿ ಸಂಶೋಧನೆ ಮಾಡಬೇಕೆಂಬುದು ಅವರ ಕನಸು. ಕಟ್ಟಡ ಇತ್ತು, ಉಪಕರಣಗಳು ಇದ್ದವು, ಕೆಲಸ ಮಾಡುವವರು ಮಾತ್ರ ಇರಲಿಲ್ಲ. ರಾಮನ್ ಅವರು ಇಳಿದು ಹೋಗಿ ಬಾಗಿಲು ತಟ್ಟಿದಾಗ ಅದನ್ನು ತೆರೆದವರು ಆಶುತೋಷ್ ಡೇ. ಈ ಆಶು ಬಾಬು ಮುಂದೆ ಎಷ್ಟೋ ವರ್ಷ ರಾಮನ್ ಅವರ ಬಲಗೈಯಾಗಿ ನಿಂತರು.

ಅಂದಿನಿಂದ ದಿನಚರಿ ಗೊತ್ತಾಗಿಹೋಯಿತು. ಬೆಳಗಿನ ಜಾವ ಎದ್ದು ಅಸೋಸಿಯೇಷನ್, ಆಮೇಲೆ ಮನೆಗೆ ಬಂದು ಸ್ನಾನ ಊಟ ಮುಗಿಸಿ ಕಚೇರಿ, ಕಚೇರಿ ಬಿಟ್ಟೊಡನೆ ಮತ್ತೆ ಅಸೋಸಿಯೇಷನ್, ರಾತ್ರಿ ತಡವಾಗಿ ಮನೆ. ಭಾನುವಾರ ಪೂರ್ತಿ ಅಲ್ಲೇ. ಪಿಟೀಲು, ವೀಣೆ, ತಂಬೂರಿಗಳ ನಾದದ ಮೇಲೆ, ಬೆಳಕಿನ ಮೇಲೆ ಪ್ರಬಂಧಗಳು ಒಂದರ ಹಿಂದೊಂದು ಹೊರಬಂದವು. ಕಚೇರಿಯ ಕೆಲಸದಲ್ಲೂ ಲೋಪವಿರಲಿಲ್ಲ ಎಂಬುದು ಉಲ್ಲೇಖನೀಯ. ಮೇಲಧಿಕಾರಿಗಳಿಗೆ ಅವರು ಅಚ್ಚುಮೆಚ್ಚಿನ ಅಧಿಕಾರಿಯಾಗಿದ್ದರು.

ಸರ್ಕಾರಿ ನೌಕರಿ ಎಂದ ಮೇಲೆ ವರ್ಗಾವಣೆ ತಪ್ಪುತ್ತದೆಯೇ? 1909ರಲ್ಲಿ ಅವರನ್ನು ರಂಗೂನಿಗೆ ಹಾಕಿದರು. ಬಂಗಾಳ ಕೊಲ್ಲಿ ದಾಟಿ ಹಡಗಿನಲ್ಲಿ ಹೋಗಬೇಕಾದ ಊರು ಅದು. ಮರುವರ್ಷ ತಂದೆ ತೀರಿಕೊಂಡರು. ಆ ಬಳಿಕ ಅವರು ಬಂದದ್ದು ನಮ್ಮ ನಾಗಪುರಕ್ಕೆ! ಮಧ್ಯಪ್ರಾಂತ್ಯದ ರಾಜಧಾನಿಯಾಗಿದ್ದ ಅಂದಿನ ನಾಗಪುರದ ಲೆಕ್ಕಪತ್ರ ಕಚೇರಿಯಲ್ಲಿ ಅವರು ಕೆಲಸ ಮಾಡಿದರು, 1911ರಲ್ಲಿ ಕಲ್ಕತ್ತೆಗೆ ಮರಳಿದರು. ಅಸೋಸಿಯೇಷನ್ ಇಲ್ಲದ ಈ ಎರಡು ಊರುಗಳಲ್ಲಿ ಅವರು ಮನೆಯನ್ನೇ ಪ್ರಯೋಗಾಲಯ ಮಾಡಿಕೊಂಡಿದ್ದರು. ನಾಗಪುರದ ಗಾಂಧಿಸಾಗರದ ಬಳಿ 1992ರಲ್ಲಿ ಆರಂಭವಾದ ರಾಮನ್ ವಿಜ್ಞಾನ ಕೇಂದ್ರಕ್ಕೆ ಅವರ ಹೆಸರಿದೆ. ರಜೆಯಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ನಮ್ಮವರು, ಆ ಹೆಸರಿನ ಮನುಷ್ಯ ಇದೇ ಊರಿನಲ್ಲಿ ಹಗಲು ಲೆಕ್ಕ ನೋಡಿ ರಾತ್ರಿ ಪ್ರಯೋಗ ಮಾಡಿದವರೆಂಬುದನ್ನೂ ಹೇಳಿದರೆ ಚೆನ್ನ.

ನಿಜವಾದ ಪರೀಕ್ಷೆ ಬಂದದ್ದು ಆಮೇಲೆ. ಕಲ್ಕತ್ತಾ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಸರ್ ಆಶುತೋಷ್ ಮುಖರ್ಜಿಯವರು ಹೊಸ ಸೈನ್ಸ್ ಕಾಲೇಜಿಗೆ ಪಾಲಿತ್ ಹೆಸರಿನ ಭೌತಶಾಸ್ತ್ರ ಪೀಠವನ್ನು ಸ್ಥಾಪಿಸಿ ಅದಕ್ಕೆ ರಾಮನ್ ಅವರನ್ನು ಆಹ್ವಾನಿಸಿದರು. ಆ ಹುದ್ದೆಗೆ ವಿದೇಶದಲ್ಲಿ ತರಬೇತಿ ಪಡೆದಿರಬೇಕೆಂಬ ನಿಯಮವಿತ್ತು. ಅಂಥ ತರಬೇತಿಗೆ ತಾವು ಹೋಗುವುದಿಲ್ಲವೆಂದು ರಾಮನ್ ಪಟ್ಟು ಹಿಡಿದರು. ಕೊನೆಗೆ ಸಡಿಲಾದದ್ದು ನಿಯಮವೇ. ಹಣಕಾಸು ಇಲಾಖೆಯಲ್ಲಿ ಸಿಗುತ್ತಿದ್ದುದಕ್ಕೆ ಹೋಲಿಸಿದರೆ ಪ್ರಾಧ್ಯಾಪಕರ ಸಂಬಳ ಸುಮಾರು ಅರ್ಧ. ಮುಂದೆ ಹಣಕಾಸು ಇಲಾಖೆಯ ಅತ್ಯುನ್ನತ ಹುದ್ದೆಗಳಿಗೆ ಏರುವ ಸಾಧ್ಯತೆಯೂ ಅವರಿಗಿತ್ತು. ಅವೆಲ್ಲವನ್ನೂ ಬಿಟ್ಟು 1917ರಲ್ಲಿ ಅವರು ಪ್ರಾಧ್ಯಾಪಕರಾದರು. ಪಿಂಚಣಿ, ಗ್ರಾಚ್ಯುಟಿ, ಬಡ್ತಿಗಳ ಲೆಕ್ಕದಲ್ಲೇ ತಲೆ ಹಣ್ಣಾದ ನಮ್ಮಂಥವರಿಗೆ ಈ ನಿರ್ಧಾರದ ತೂಕ ಎಷ್ಟೆಂಬುದನ್ನು ಬೇರೆಯವರು ವಿವರಿಸಬೇಕಿಲ್ಲ. ಸಂಸಾರವಂದಿಗರು, ತಂದೆಯಿಲ್ಲದ ಮನೆಯ ಮಗ. ಅವರು ಗೆದ್ದದ್ದು ನಮಗೆ ಗೊತ್ತಿರುವುದರಿಂದ ಅದು ಸುಲಭವಾಗಿ ಕಾಣುತ್ತದೆ, ಅಷ್ಟೇ.

ಇನ್ನು ಸಮುದ್ರದ ಕಥೆ. 1921ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಬ್ರಿಟಿಷ್ ಸಾಮ್ರಾಜ್ಯದ ವಿಶ್ವವಿದ್ಯಾನಿಲಯಗಳ ಸಮ್ಮೇಳನ ಏರ್ಪಾಡಾಯಿತು. ಕಲ್ಕತ್ತಾ ವಿಶ್ವವಿದ್ಯಾನಿಲಯದ ಪ್ರತಿನಿಧಿಯಾಗಿ ರಾಮನ್ ಹೊರಟರು. ಹದಿನೆಂಟನೇ ವಯಸ್ಸಿನಲ್ಲಿ ಡಾಕ್ಟರು ಬೇಡವೆಂದಿದ್ದ ಆ ಪ್ರಯಾಣ ಮೂವತ್ತೆರಡನೇ ವಯಸ್ಸಿನಲ್ಲಿ ಕೂಡಿಬಂತು. ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿಯನ್ನು ಅವರು ಕಣ್ಣಾರೆ ಕಂಡದ್ದು ಈ ಪ್ರಯಾಣದಲ್ಲೇ.

ಸಮುದ್ರ ಏಕೆ ನೀಲಿ? ಈ ಪ್ರಶ್ನೆಗೆ ಆಗ ದೊಡ್ಡವರೊಬ್ಬರ ಉತ್ತರ ಸಿದ್ಧವಾಗಿತ್ತು. ಆಕಾಶ ಏಕೆ ನೀಲಿ ಎಂಬುದನ್ನು ವಿವರಿಸಿದ್ದ ಇಂಗ್ಲೆಂಡಿನ ಲಾರ್ಡ್ ರೇಲಿಯವರು, ಆಳ ಸಮುದ್ರದ ನೀಲಿಯು ಆಕಾಶದ ನೀಲಿಯ ಪ್ರತಿಬಿಂಬವೇ ಹೊರತು ನೀರಿನ ಸ್ವಂತ ಬಣ್ಣವಲ್ಲವೆಂದು ಹೇಳಿಬಿಟ್ಟಿದ್ದರು. ಅವರು ನೊಬೆಲ್ ಪಡೆದ ವಿಜ್ಞಾನಿ. ಅವರು ಹೇಳಿದ ಮೇಲೆ ಪ್ರಶ್ನೆ ಮುಗಿದಂತೆ ಎಂದು ಲೋಕ ಒಪ್ಪಿಕೊಂಡಿತ್ತು. ಅದನ್ನು ಒಪ್ಪದೆ ಪರೀಕ್ಷಿಸಿ ನೋಡಿದವರು ರಾಮನ್.

ಅವರು ಮರಳಿ ಬಂದ ಹಡಗಿನ ಹೆಸರು ನಾರ್ಕುಂಡಾ. ಅವರ ಕೈಯಲ್ಲಿದ್ದ ಮುಖ್ಯ ಸಾಧನವೆಂದರೆ ನಿಕೋಲ್ ಪಟ್ಟಕ ಎಂಬ ಚಿಕ್ಕ ಸ್ಫಟಿಕದ ತುಂಡು. ಅದರ ಕೆಲಸ ಇಷ್ಟು: ನೀರಿನ ಮೇಲ್ಮೈಯಿಂದ ಒಂದು ನಿರ್ದಿಷ್ಟ ಓರೆಯಲ್ಲಿ ಪ್ರತಿಫಲಿಸಿ ಬರುವ ಬೆಳಕಿನ ಕಂಪನ ಒಂದೇ ಸಮತಲದಲ್ಲಿರುತ್ತದೆ. ಪಟ್ಟಕವನ್ನು ಸರಿಯಾಗಿ ತಿರುಗಿಸಿ ಹಿಡಿದರೆ ಆ ಪ್ರತಿಫಲನ ಪೂರ್ತಿ ನಿಂತುಹೋಗುತ್ತದೆ. ಇಂದು ಪೋಲರಾಯ್ಡ್ ಕನ್ನಡಕ ಹಾಕಿ ಕಾರು ಓಡಿಸುವವರಿಗೆ ಒದ್ದೆ ರಸ್ತೆಯ ಹೊಳಪು ಮಾಯವಾಗುವುದು ಇದೇ ತತ್ವದಿಂದ. ಸಮುದ್ರದ ನೀಲಿ ಆಕಾಶದ ಪ್ರತಿಬಿಂಬವೇ ಆಗಿದ್ದರೆ, ಪ್ರತಿಬಿಂಬವನ್ನು ತಡೆದೊಡನೆ ನೀಲಿಯೂ ಹೋಗಬೇಕಿತ್ತು. ಹೋಗಲಿಲ್ಲ. ಮೇಲಿನ ಹೊಳಪು ಕಳೆದ ಮೇಲೆ ಸಮುದ್ರ ಇನ್ನಷ್ಟು ಗಾಢವಾದ ನೀಲಿಯಾಗಿ ಕಂಡಿತು! ಎಂದರೆ ಬಣ್ಣ ಬರುತ್ತಿರುವುದು ನೀರಿನ ಒಡಲಿನಿಂದಲೇ ಎಂದಾಯಿತು.

ಹಡಗು ಮುಂಬಯಿ ತಲುಪುವ ಹೊತ್ತಿಗೆ ಟಿಪ್ಪಣಿ ಸಿದ್ಧವಾಗಿತ್ತು. ಮುಂಬಯಿ ಬಂದರಿನ ಹೆಸರು ಮತ್ತು ತಾರೀಖು ಹೊತ್ತ ಆ ಪತ್ರ ಇಂಗ್ಲೆಂಡಿನ ನೇಚರ್ ಪತ್ರಿಕೆಗೆ ಹೋಗಿ, ಅದೇ ವರ್ಷ ನವೆಂಬರ್‌ನಲ್ಲಿ ಪ್ರಕಟವಾಯಿತು. ಬಂದರಿನಲ್ಲಿ ಇಳಿದವರು ಸಾಮಾನು ಸರಂಜಾಮು, ಕೂಲಿ, ರೈಲು ಎಂದು ತಡಬಡಿಸುತ್ತಾರೆ. ಇವರು ಮಾತ್ರ ಲಾರ್ಡ್ ರೇಲಿಯವರ ಮಾತಿಗೆ ತಿದ್ದುಪಡಿ ಬರೆದು ಮುಗಿಸಿದ್ದರು.

ಕಲ್ಕತ್ತೆಗೆ ಬಂದವರೇ ಅವರು ಇದರ ಬೆನ್ನುಹತ್ತಿದರು. ಧೂಳಿನ ಕಣವೂ ಇಲ್ಲದಂತೆ ಶುದ್ಧಗೊಳಿಸಿದ ನೀರಿನಲ್ಲಿ ಬೆಳಕು ಹಾಯಿಸಿ ನೋಡಿದಾಗ, ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ, ಗಾಳಿಗಿಂತ ನೂರಕ್ಕೂ ಹೆಚ್ಚು ಪಟ್ಟು ಚದುರಿಸುತ್ತವೆ ಎಂಬುದು ಖಚಿತವಾಯಿತು. ಐನ್‌ಸ್ಟೈನ್ ಮತ್ತು ಸ್ಮೊಲುಕೋವ್‌ಸ್ಕಿ ಅವರ ಗಣಿತವೂ ಅದಕ್ಕೆ ತಾಳೆಯಾಯಿತು. 1922ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಈ ಕುರಿತ ದೀರ್ಘ ಪ್ರಬಂಧ ಬಂತು. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದರ ಪಾಲು ಇದರಲ್ಲಿ ಬಹಳ ದೊಡ್ಡದೆಂದು ಇಂದಿನ ವಿಜ್ಞಾನ ಹೇಳುತ್ತದೆ. ಕೆಂಪನ್ನು ನೀರು ನುಂಗುತ್ತದೆ, ಉಳಿದ ನೀಲಿಯನ್ನು ಚದುರಿಸಿ ನಮ್ಮ ಕಣ್ಣಿಗೆ ಮರಳಿಸುತ್ತದೆ. ಎರಡೂ ಸೇರಿದರೆ ಸಮುದ್ರದ ನೀಲಿ. ರಾಮನ್ ಅವರ ಮೂಲ ಮಾತು, ಬಣ್ಣ ನೀರಿನದೇ ಎಂಬುದು, ಇಂದಿಗೂ ನಿಂತಿದೆ.

ಈ ಹಂತದಲ್ಲಿ ಪಾಲ್ಘಾಟ್ ಕಡೆಯ ಕೆ.ಆರ್. ರಾಮನಾಥನ್ ಎಂಬ ಯುವಕ ಅವರ ಶಿಷ್ಯವರ್ಗ ಸೇರಿದರು. 1923ರಲ್ಲಿ ರಾಮನಾಥನ್ ಅವರಿಗೆ ನೀರಿನಿಂದ ಚದುರಿದ ಬೆಳಕಿನಲ್ಲಿ ಬೇರೆಯದೇ ಬಣ್ಣದ ಅತಿ ಕ್ಷೀಣವಾದ ಒಂದು ಎಳೆ ಕಂಡಿತು. ನೀರಿನಲ್ಲಿ ಕಶ್ಮಲ ಇರಬಹುದೆಂದು ಮತ್ತೆ ಮತ್ತೆ ಶುದ್ಧಗೊಳಿಸಿದರು. ಎಳೆ ಹೋಗಲಿಲ್ಲ. ಕ್ಯಾಶ್ ಟ್ಯಾಲಿಯಲ್ಲಿ ನಾಲ್ಕಾಣೆ ವ್ಯತ್ಯಾಸ ಬಂದರೆ ಹೋಗಲಿ ಬಿಡು ಎನ್ನುವವರೂ ಇದ್ದಾರೆ, ಅದು ಎಲ್ಲಿಂದ ಬಂತೆಂದು ರಾತ್ರಿಯವರೆಗೆ ಹುಡುಕುವವರೂ ಇದ್ದಾರೆ. ರಾಮನ್ ಎರಡನೆಯ ಜಾತಿಯವರು. ಆ ಎಳೆಯನ್ನೇ ಹಿಡಿದು ಕೆ.ಎಸ್. ಕೃಷ್ಣನ್ ಅವರೊಡನೆ ಐದು ವರ್ಷ ಶೋಧಿಸಿದಾಗ 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮ ಎಂದು ಲೋಕ ಕರೆದ ಸತ್ಯ ಹೊರಬಂತು. ಬೆಳಕು ಅಣುಗಳಿಗೆ ತಾಗಿ ಚದುರುವಾಗ ಅದರ ಒಂದಂಶ ಬಣ್ಣ ಬದಲಿಸಿಕೊಳ್ಳುತ್ತದೆ, ಆ ಬದಲಾವಣೆಯಿಂದ ಅಣುವಿನ ಗುರುತು ಹಿಡಿಯಬಹುದು. ಇದನ್ನು ಅವರು ವಿಸ್ತಾರವಾಗಿ ಸಭೆಯ ಮುಂದಿಟ್ಟದ್ದು ಅದೇ ಮಾರ್ಚ್ 16ರಂದು, ನಮ್ಮ ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಉದ್ಘಾಟನಾ ಉಪನ್ಯಾಸದಲ್ಲಿ. 1929ರಲ್ಲಿ ಸರ್ ಪದವಿ, 1930ರಲ್ಲಿ ನೊಬೆಲ್. ಪ್ರಶಸ್ತಿ ಪ್ರಕಟವಾಗುವ ಮೊದಲೇ ಅವರು ಹಡಗಿನ ಟಿಕೆಟ್ ಕಾಯ್ದಿರಿಸಿದ್ದರೆಂಬ ಸಂಗತಿ ಪ್ರಸಿದ್ಧವಾಗಿದೆ.

1933ರಲ್ಲಿ ಅವರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಮ್ಮವರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಅಲ್ಲಿಂದ ಕೊನೆಯುಸಿರಿನವರೆಗೆ, ಮೂವತ್ತೇಳು ವರ್ಷ, ಅವರು ಬೆಂಗಳೂರಿನವರು. ಮೈಸೂರು ಮಹಾರಾಜರು ಅವರಿಗೆ ರಾಜಸಭಾಭೂಷಣ ಬಿರುದು ನೀಡಿದರು, ಅವರ ವಿಜ್ಞಾನ ಅಕಾಡೆಮಿಗೆ ಜಾಗ ಕೊಟ್ಟರು. ತಮಿಳುನಾಡಿನಲ್ಲಿ ಹುಟ್ಟಿ, ಆಂಧ್ರದಲ್ಲಿ ಬೆಳೆದು, ಬಂಗಾಳದಲ್ಲಿ ಹೆಸರು ಮಾಡಿ, ಕನ್ನಡ ನಾಡಿನಲ್ಲಿ ನೆಲೆ ನಿಂತ ಅವರೂ ನಮ್ಮ ಹಾಗೆ ಹುಟ್ಟೂರಿನಿಂದ ದೂರ ಬಾಳು ಕಟ್ಟಿದವರೇ.

ಬೆಂಗಳೂರಿನ ದಿನಗಳೆಲ್ಲ ಸಿಹಿಯಾಗಿರಲಿಲ್ಲ. ಬೇರೆ ವಿಭಾಗಗಳ ಹಣವೆಲ್ಲ ಭೌತಶಾಸ್ತ್ರಕ್ಕೆ ಹರಿಯುತ್ತಿದೆಯೆಂಬ ದೂರು ಎದ್ದು, ವಿಚಾರಣಾ ಸಮಿತಿ ಬಂದು, 1937ರಲ್ಲಿ ಅವರು ನಿರ್ದೇಶಕ ಹುದ್ದೆ ಬಿಟ್ಟು ಬರೀ ಪ್ರಾಧ್ಯಾಪಕರಾಗಿ ಮುಂದುವರಿದರು. ಮಹನೀಯರ ಚರಿತ್ರೆ ಬರೆಯುವಾಗ ಹೂವನ್ನಷ್ಟೇ ಏರಿಸುವ ರೂಢಿ ನಮ್ಮಲ್ಲಿದೆ. ಆದರೆ ಹೆಣ್ಣುಮಕ್ಕಳ ವಿಷಯದಲ್ಲಿ ಅವರ ಧೋರಣೆ ಸರಿಯಿರಲಿಲ್ಲವೆಂದು ಹೇಳಲೇಬೇಕು. ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಉನ್ನತ ಶ್ರೇಣಿ ಪಡೆದು 1933ರಲ್ಲಿ ಸೇರಲು ಬಂದ ಕಮಲಾ ಭಾಗವತ್ ಅವರಿಗೆ, ಹೆಣ್ಣೆಂಬ ಒಂದೇ ಕಾರಣಕ್ಕೆ ಅವರು ಪ್ರವೇಶ ನಿರಾಕರಿಸಿದರು. ಆಕೆ ಗಾಂಧೀಜಿಯವರ ಮಾರ್ಗ ಹಿಡಿದು ಪಟ್ಟು ಬಿಡದೆ ನಿಂತ ಮೇಲೆ, ಹಲವು ಷರತ್ತು ಹಾಕಿ, ಒಂದು ವರ್ಷದ ಪರೀಕ್ಷಾರ್ಥ ಸೇರಿಸಿಕೊಂಡರು. ಕಮಲಾ ಸೊಹೊನಿ ಎಂಬ ಹೆಸರಿನಿಂದ ಆಕೆ ಮುಂದೆ ಮುಂಬಯಿಯ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನ ನಿರ್ದೇಶಕಿಯಾದರು.

ಹೀಗೆ ತೆರೆದ ಬಾಗಿಲಿನಿಂದ 1940ರಲ್ಲಿ ಒಳಬಂದವರು ಅಣ್ಣಾ ಮಣಿ. ಹೆಸರು ಗಂಡಸಿನದಂತೆ ಕೇಳಿದರೂ ಅವರು ತಿರುವಾಂಕೂರಿನ ಪೀರ್ಮೇಡಿನಲ್ಲಿ 1918ರಲ್ಲಿ ಹುಟ್ಟಿದ ಹೆಣ್ಣುಮಗಳು. ರಾಮನ್ ಅವರ ಪ್ರಯೋಗಾಲಯದಲ್ಲಿ ಐದು ವರ್ಷ ವಜ್ರ ಮತ್ತು ಮಾಣಿಕ್ಯಗಳ ಬೆಳಕನ್ನು ಅಭ್ಯಸಿಸಿ, ಐದು ಪ್ರಬಂಧ ಪ್ರಕಟಿಸಿ, 1945ರಲ್ಲಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಪಿಎಚ್.ಡಿ. ಮಹಾಪ್ರಬಂಧ ಸಲ್ಲಿಸಿದರು. ಬಿ.ಎಸ್ಸಿ. ಆನರ್ಸ್ ಇದೆ, ಎಂ.ಎಸ್ಸಿ. ಇಲ್ಲ ಎಂಬ ಕಾರಣಕ್ಕೆ ಅವರಿಗೆ ಡಾಕ್ಟರೇಟ್ ಸಿಗಲಿಲ್ಲ. ಪದವಿಯಿಲ್ಲದ ಆ ಮಹಾಪ್ರಬಂಧ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿದೆ. ಒಂದು ಸರ್ಟಿಫಿಕೇಟಿನ ಕೊರತೆಯಿಂದ ಬಡ್ತಿ ತಪ್ಪಿದವರು ನಮ್ಮ ನಡುವೆ ಎಷ್ಟಿಲ್ಲ? ಅವರಿಗೆ ಈ ಕಥೆ ಹೇಳುವುದು ಬೇಡ, ತಾನೇ ಅರ್ಥವಾಗುತ್ತದೆ.

ಅದೇ ವರ್ಷ ಅಣ್ಣಾ ಮಣಿಯವರು ವಿದ್ಯಾರ್ಥಿವೇತನ ಪಡೆದು ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಹೋದರು. ಭೌತಶಾಸ್ತ್ರ ಓದುವ ಆಸೆಯಿತ್ತು, ಆದರೆ ವಿದ್ಯಾರ್ಥಿವೇತನ ಇದ್ದದ್ದು ಹವಾಮಾನ ಉಪಕರಣಗಳ ವಿಷಯಕ್ಕೆ ಮಾತ್ರ. ಸಿಕ್ಕಿದ್ದನ್ನೇ ಕಲಿತು 1948ರಲ್ಲಿ ಮರಳಿ, ಪುಣೆಯ ಹವಾಮಾನ ಇಲಾಖೆ ಸೇರಿದರು. ಮಳೆಮಾಪಕ, ಗಾಳಿಮಾಪಕದಂಥವನ್ನೂ ಹೊರದೇಶದಿಂದ ತರಿಸುತ್ತಿದ್ದ ಕಾಲವದು. ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಪ್ರಮಾಣೀಕರಿಸಿ ಅವನ್ನು ಇಲ್ಲಿಯೇ ತಯಾರಿಸುವಂತೆ ಮಾಡಿದ್ದು ಅವರ ದೊಡ್ಡ ಕೆಲಸ. ಓಝೋನ್ ಅಳೆಯುವ ಬಲೂನು ಉಪಕರಣವನ್ನೂ ಅವರ ತಂಡ ಇಲ್ಲಿಯೇ ರೂಪಿಸಿತು. ಡಾಕ್ಟರೇಟ್ ಇಲ್ಲದ ಅವರು 1976ರಲ್ಲಿ ಭಾರತೀಯ ಹವಾಮಾನ ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾಗಿ, ಮತ್ತೆ ಬೆಂಗಳೂರಿಗೆ ಬಂದು ಗುರುಗಳ ಸಂಸ್ಥೆಯಲ್ಲೇ ಮೂರು ವರ್ಷ ಸಂದರ್ಶಕ ಪ್ರಾಧ್ಯಾಪಕಿಯಾಗಿದ್ದರು. 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ನಿಧನ ಹೊಂದಿದರು. ಇತ್ತ ಸಮುದ್ರದ ನೀರು ಶೋಧಿಸಿದ್ದ ರಾಮನಾಥನ್ ಅವರೂ 1925ರಲ್ಲೇ ಹವಾಮಾನ ಇಲಾಖೆ ಸೇರಿ ವಾಯುಮಂಡಲದ ದೊಡ್ಡ ವಿದ್ವಾಂಸರಾದರು, ಅಹಮದಾಬಾದಿನ ಭೌತ ಸಂಶೋಧನಾಲಯದ ಮೊದಲ ನಿರ್ದೇಶಕರಾದರು. ರಾಮನ್ ಅವರು ಸ್ವತಃ ಹವಾಮಾನಿಯಲ್ಲ. ಅವರ ಮನೆಯಲ್ಲಿ ಬೆಳೆದವರು ಆ ಶಾಸ್ತ್ರ ಕಟ್ಟಿದರು.

ಸಾಗರ ವಿದ್ಯೆಯೂ ಅಷ್ಟರಲ್ಲಿ ನಮ್ಮ ದೇಶದಲ್ಲಿ ಬೇರು ಬಿಟ್ಟಿತು. ಹಲವು ದೇಶಗಳ ಹಡಗುಗಳು ಸೇರಿ ನಡೆಸಿದ ಅಂತಾರಾಷ್ಟ್ರೀಯ ಹಿಂದೂ ಮಹಾಸಾಗರ ಶೋಧಯಾತ್ರೆಯ ಕಾಲದಲ್ಲಿ, 1963ರಲ್ಲಿ, ಮುಂಬಯಿಯ ಕೊಲಾಬಾದಲ್ಲಿ ಸಾಗರದ ಹವಾಮಾನ ವಿಶ್ಲೇಷಿಸುವ ಅಂತಾರಾಷ್ಟ್ರೀಯ ಕೇಂದ್ರ ಆರಂಭವಾಯಿತು. ಅದರ ಫಲವಾಗಿ 1966ರ ಜನವರಿ 1ರಂದು ರಾಷ್ಟ್ರೀಯ ಸಾಗರಶಾಸ್ತ್ರ ಸಂಸ್ಥೆ ಹುಟ್ಟಿತು, ಈಗ ಅದರ ಮುಖ್ಯ ಕಚೇರಿ ಗೋವಾದ ದೋನಾ ಪಾವ್ಲಾದಲ್ಲಿದೆ. ರಾಮನ್ ಅವರು ಬಾಲ್ಯ ಕಳೆದ ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾನಿಲಯದಲ್ಲಿ ಹವಾಮಾನ ಮತ್ತು ಸಾಗರಶಾಸ್ತ್ರಕ್ಕೆ ವಿಭಾಗವಿದೆ, ಕೊಚ್ಚಿಯ ವಿಶ್ವವಿದ್ಯಾನಿಲಯದಲ್ಲೂ ಇದೆ. ನಮ್ಮ ಕರ್ನಾಟಕದಲ್ಲಿ ಕಾರವಾರದ ಕೋಡಿಬಾಗದಲ್ಲಿ ಸಾಗರ ಜೀವಶಾಸ್ತ್ರ, ಮಂಗಳೂರು ವಿಶ್ವವಿದ್ಯಾನಿಲಯದ ಕೊಣಾಜೆಯಲ್ಲಿ ಸಾಗರ ಭೂವಿಜ್ಞಾನ, ಮಂಗಳೂರಿನ ಮೀನುಗಾರಿಕಾ ಕಾಲೇಜು, ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಸಾಗರ ಎಂಜಿನಿಯರಿಂಗ್ ಇವೆ. ರಾಮನ್ ಅವರು ಮುಖ್ಯಸ್ಥರಾಗಿದ್ದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ವಾಯುಮಂಡಲ ಮತ್ತು ಸಾಗರ ವಿಜ್ಞಾನದ ಪ್ರತ್ಯೇಕ ಕೇಂದ್ರವಿದೆ. ಮಕ್ಕಳು ಕೇಳಿದರೆ ಪೋಷಕರು ಗಾಬರಿಯಾಗದೆ ಈ ಊರುಗಳ ಹೆಸರು ನೆನಪಿಟ್ಟುಕೊಂಡರೆ ಸಾಕು, ಉಳಿದದ್ದನ್ನು ಅವರೇ ವಿಚಾರಿಸಿಕೊಳ್ಳುತ್ತಾರೆ. ಮೊದಲೇ ತಿಳಿದಿರಬೇಕಾದ ಸಂಗತಿಯೆಂದರೆ, ಈ ವಿದ್ಯೆಗೆ ಗಣಿತ ಮತ್ತು ಭೌತಶಾಸ್ತ್ರ ಗಟ್ಟಿಯಿರಬೇಕು. ಈಜು ಬಂದರೆ ಸಾಲದು.

ಹಡಗಿನ ಅಟ್ಟದಿಂದ ಸಮುದ್ರದ ಬಣ್ಣ ನೋಡಿದ ರಾಮನ್ ಅವರ ಕೆಲಸವನ್ನು ಇಂದು ಉಪಗ್ರಹಗಳು ಮಾಡುತ್ತಿವೆ. 1999ರ ಮೇ 26ರಂದು ಇಸ್ರೋ ಹಾರಿಸಿದ ಓಷನ್‌ಸ್ಯಾಟ್ ಉಪಗ್ರಹದಲ್ಲಿ ಸಮುದ್ರದ ಬಣ್ಣ ಅಳೆಯುವ ಉಪಕರಣವಿತ್ತು. 2009 ಮತ್ತು 2022ರಲ್ಲಿ ಅದರ ತಮ್ಮಂದಿರು ಹೋದರು. ಶುದ್ಧ ನೀರು ನೀಲಿ, ಸೂಕ್ಷ್ಮ ಸಸ್ಯಗಳು ತುಂಬಿದ ನೀರು ಹಸಿರು, ಹಸಿರಿದ್ದಲ್ಲಿ ಮೀನಿಗೆ ಆಹಾರ. ಈ ಬಣ್ಣವನ್ನೂ ನೀರಿನ ಉಷ್ಣತೆಯನ್ನೂ ಸೇರಿಸಿ ಹೈದರಾಬಾದಿನ ಇನ್ಕಾಯಿಸ್ ಸಂಸ್ಥೆ, ಮೀನು ಎಲ್ಲಿ ಸಿಗಬಹುದೆಂದು ಕರಾವಳಿಯ ಮೀನುಗಾರರಿಗೆ ತಿಳಿಸುತ್ತದೆ. ಮಲ್ಪೆ, ಕಾರವಾರಗಳ ದೋಣಿಯವರಿಗೂ ಅದು ಲಭ್ಯ. ಉಪಗ್ರಹದ ಬಣ್ಣದ ಲೆಕ್ಕ ಸರಿಹೊಂದಬೇಕಾದರೆ ನೀರಿನಲ್ಲಿ ಆಗುವ ರಾಮನ್ ಚದುರುವಿಕೆಯನ್ನೂ ಗಣನೆಗೆ ತೆಗೆದುಕೊಳ್ಳಬೇಕಾಗುತ್ತದೆ. 1923ರಲ್ಲಿ ಕಶ್ಮಲವೆಂದು ಅನುಮಾನಿಸಿದ್ದ ಎಳೆ ಅದೇ.

1948ರಲ್ಲಿ ಸಂಸ್ಥೆಯಿಂದ ನಿವೃತ್ತರಾದ ಬಳಿಕ ಅವರು ತಮ್ಮದೇ ಸಂಶೋಧನಾ ಸಂಸ್ಥೆಯನ್ನು ಬೆಂಗಳೂರಿನಲ್ಲಿ ಕಟ್ಟಿಕೊಂಡರು. 1954ರಲ್ಲಿ ಭಾರತರತ್ನ ಬಂತು. ಹೂವಿನ ಬಣ್ಣ, ಚಿಟ್ಟೆಯ ರೆಕ್ಕೆ, ವಜ್ರ, ಕಣ್ಣಿನ ನೋಟ ಎಂದು ಕೊನೆಯವರೆಗೂ ಬಣ್ಣದ ಹಿಂದೆಯೇ ಇದ್ದರು. ಕಡಲಿನ ನಂಟೂ ಪೂರ್ತಿ ಹರಿಯಲಿಲ್ಲ. ಚಿಪ್ಪುಗಳ ಒಳಮೈಯ ಕಾಮನಬಿಲ್ಲಿನ ಹೊಳಪಿನ ಮೇಲೆ ಅವರು ಬೆಂಗಳೂರಿಗೆ ಬಂದ ಹೊಸತರಲ್ಲೇ ಪ್ರಬಂಧಗಳನ್ನು ಬರೆದಿದ್ದರು, ಅವರ ಸಂಗ್ರಹಾಲಯದಲ್ಲಿ ಹರಳುಗಳ ಜೊತೆಗೆ ಚಿಪ್ಪುಗಳೂ ಸೇರಿದವು. ಕಿರಿಯ ಮಗ ರಾಧಾಕೃಷ್ಣನ್ ಖಗೋಳ ವಿಜ್ಞಾನಿಯಾದರು. ಅವರು ಯೌವನದಲ್ಲಿ ಒಂದು ಚಿಕ್ಕ ಹಾಯಿದೋಣಿಯಲ್ಲಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಸಮುದ್ರಯಾನ ಮಾಡಿದವರೆಂಬುದು ತಂದೆಯ ನಾರ್ಕುಂಡಾ ಪ್ರಯಾಣ ಓದಿದವರಿಗೆ ಸ್ವಾರಸ್ಯವೆನಿಸುತ್ತದೆ.

1970ರ ನವೆಂಬರ್ 21ರಂದು, ಎಂಬತ್ತೆರಡು ತುಂಬಿದ ಎರಡು ವಾರಕ್ಕೆ, ರಾಮನ್ ಬೆಂಗಳೂರಿನಲ್ಲಿ ನಿಧನರಾದರು. ಅಂತ್ಯಕ್ರಿಯೆ ಸಂಸ್ಥೆಯ ಆವರಣದಲ್ಲೇ ನಡೆಯಿತು. ಅಲ್ಲಿ ಸ್ಮಾರಕ ಕಟ್ಟಿಲ್ಲ, ಒಂದು ಮರ ನೆಟ್ಟಿದ್ದಾರೆ.